ಪಾಠ ಕಟ್ಟಿ ಹಂಚಿದ ಮಾಸ್ತರರು: ಪಂಜೆ ಮಂಗೇಶರಾಯರು



ನಮ್ಮ ಈ ಪುಟದಲ್ಲಿ ಆಗಾಗ ನಾಡಿನ ಹಿರಿಯರ ಪರಿಚಯ ಬರುತ್ತಿರುತ್ತದೆ. ಈ ಸಲ ಶಿಶುಸಾಹಿತ್ಯದ ಹಿರಿಯ ಪಂಜೆ ಮಂಗೇಶರಾಯರ ಬಗ್ಗೆ ಬರೆಯುತ್ತಿದ್ದೇನೆ. ನಮ್ಮಲ್ಲಿ ಬೀದರ, ಭಾಲ್ಕಿ, ಬಸವಕಲ್ಯಾಣ, ಆಳಂದ ಕಡೆಯ ಶಾಲೆಗಳಲ್ಲಿ ಓದಿ ಇತ್ತ ಬಂದ ಹಿರಿಯರಿದ್ದಾರೆ. ಅಲ್ಲಿಂದ ಸೊಸೆಯಾಗಿ ಬಂದ ತಾಯಂದಿರಿದ್ದಾರೆ. ಅವರಲ್ಲಿ ಅನೇಕರು ಚಿಕ್ಕವರಿದ್ದಾಗ ಹಾವಿನ ಮೇಲಿನ ಒಂದು ಹಾಡನ್ನೂ ಸೂರ್ಯ ಹುಟ್ಟುವ ಒಂದು ಹಾಡನ್ನೂ ಕೈ ಆಡಿಸಿ ಹಾಡಿದವರೇ. ಇವತ್ತಿಗೂ ಕೇಳಿದರೆ ಪೂರ್ತಿ ಹಾಡಿಬಿಡುತ್ತಾರೆ. ಬರೆದವರು ಯಾರು ಎಂದರೆ ಮಾತ್ರ ಸುಮ್ಮನಾಗುತ್ತಾರೆ. ಆ ಎರಡೂ ಹಾಡುಗಳು ಪಂಜೆಯವರವು.

ಅವರನ್ನು ನಾನು ಇಲ್ಲಿ ಕವಿಯೆಂದು ನೆನೆಯುವುದಕ್ಕಿಂತ ಶಾಲಾ ಮಾಸ್ತರರೆಂದು ನೆನೆಯಲು ಬಯಸುತ್ತೇನೆ. ತರಗತಿಯಲ್ಲಿ ಕಲಿಸಲು ಸಾಮಾನು ಸಾಲದೆ ಹೋದಾಗ ಅದನ್ನು ತಾವೇ ತಯಾರಿಸಿ, ಉಳಿದ ಮಾಸ್ತರರಿಗೂ ಸಿಗುವಂತೆ ಮಾಡಿದವರು ಅವರು. ನಮ್ಮಂಥ ಗಡಿ ಊರುಗಳವರಿಗೆ ಅವರ ಬದುಕಿನ ಈ ಭಾಗ ತೀರ ಹತ್ತಿರದ್ದು. ಯಾಕೆಂಬುದು ಓದುತ್ತ ಹೋದಂತೆ ತಮಗೇ ತಿಳಿಯುತ್ತದೆ.

ಮನೆ ಮಾತು ಕೊಂಕಣಿ, ಬೀದಿ ಮಾತು ತುಳು

ಮಂಗೇಶರಾಯರು ಹುಟ್ಟಿದ್ದು 1874ರ ಫೆಬ್ರುವರಿ 22ರಂದು, ನೇತ್ರಾವತಿ ನದಿಯ ದಂಡೆಯ ಬಂಟವಾಳದಲ್ಲಿ. ತಂದೆ ರಾಮಪ್ಪಯ್ಯನವರು. ಸಾರಸ್ವತ ಮನೆತನ, ಮನೆಯೊಳಗಿನ ಮಾತು ಕೊಂಕಣಿ. ಹೊಸ್ತಿಲು ದಾಟಿದರೆ ಊರವರೆಲ್ಲ ಆಡುವುದು ತುಳು. ಶಾಲೆಗೆ ಹೋದರೆ ಕನ್ನಡ. ಆಗ ದಕ್ಷಿಣ ಕನ್ನಡ ಜಿಲ್ಲೆ ಮೈಸೂರಿಗೆ ಸೇರಿದ್ದಲ್ಲ. ಅದು ಬ್ರಿಟಿಷರ ಮದರಾಸು ಪ್ರಾಂತ್ಯದಲ್ಲಿತ್ತು. ಆಡಳಿತದ ಊರು ದೂರದ ಮದರಾಸು, ಅಲ್ಲಿ ಹೆಚ್ಚಾಗಿ ನಡೆಯುತ್ತಿದ್ದುದು ತಮಿಳು ಮತ್ತು ತೆಲುಗು. ಅಂಥ ದೊಡ್ಡ ಪ್ರಾಂತ್ಯದ ಒಂದು ಮೂಲೆಯಲ್ಲಿ ಕನ್ನಡ ಶಾಲೆಗಳು ನಡೆಯಬೇಕಿತ್ತು.

ನಮ್ಮ ಕಡೆಯ ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಉದಗೀರ, ನಿಲಂಗಾ ತಾಲ್ಲೂಕುಗಳು 1956ರವರೆಗೆ ಹೈದರಾಬಾದು ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ಉಮರ್ಗಾ ಉಸ್ಮಾನಾಬಾದ ಜಿಲ್ಲೆಯಲ್ಲಿತ್ತು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆದಾಗ ಬೀದರ ಜಿಲ್ಲೆಯಿಂದ ಅಹಮದಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಆಗಿನ ಮುಂಬಯಿ ರಾಜ್ಯಕ್ಕೆ ಹೋದವು. ಅದೇ ದಿನ, ಅದೇ ಕಾಯಿದೆಯಡಿ ಪಂಜೆಯವರ ದಕ್ಷಿಣ ಕನ್ನಡದಿಂದ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು. ನಾವೂ ಕಾಸರಗೋಡಿನವರೂ ಒಂದೇ ತಾರೀಖಿನಂದು ಗಡಿಯ ಆಚೆಯವರಾದೆವು.

ಆದ್ದರಿಂದ ಮೂರು ಭಾಷೆಯ ನಡುವೆ ಕನ್ನಡ ಕಲಿತ ಹುಡುಗನ ಕಥೆ ನಮಗೆ ಹೊಸದಲ್ಲ. ಹೊಸದು ಏನೆಂದರೆ, ಆ ಹುಡುಗ ಮುಂದೆ ಬೆಳೆದು, ಕನ್ನಡ ಮನೆಮಾತಲ್ಲದ ಮಕ್ಕಳಿಗೂ ಕನ್ನಡ ಸಿಹಿಯಾಗುವಂತೆ ಪಾಠ ಬರೆದದ್ದು.

ಪಂಡಿತರಿಂದ ಸಬ್ ಅಸಿಸ್ಟೆಂಟರವರೆಗೆ

ಮಂಗೇಶರಾಯರ ಪ್ರಾಥಮಿಕ ಓದು ಬಂಟವಾಳದಲ್ಲೇ ಆಯಿತು. ಮುಂದಿನ ಓದು ಮಂಗಳೂರಿನಲ್ಲಿ. ಮನೆಯಲ್ಲಿ ಬಡತನ. ಎಳೆಯ ವಯಸ್ಸಿನಲ್ಲೇ ಸಂಸಾರದ ಭಾರ ಹೆಗಲಿಗೆ ಬಂತು. 1896ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿಗೆ, ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಕೆಲಸ ಮಾಡುತ್ತಲೇ ಬಿ.ಎ. ಮುಗಿಸಿ, ಶಿಕ್ಷಕ ತರಬೇತಿಯ ಎಲ್.ಟಿ. ಪದವಿಯನ್ನೂ ಪಡೆದರು. ಅವರ ಪತ್ನಿ ಭವಾನಿಬಾಯಿಯವರು ಬೆನಗಲ್ ರಾಮರಾಯರ ತಂಗಿ. ಈ ರಾಮರಾಯರು ಮಂಗಳೂರಿನಲ್ಲಿ ಸುವಾಸಿನಿ ಎಂಬ ಮಾಸಪತ್ರಿಕೆ ನಡೆಸುತ್ತಿದ್ದರು. 1900ರ ಸುಮಾರಿಗೆ ಪಂಜೆಯವರ ಕಥೆಗಳು ಅದರಲ್ಲಿ ಬಂದವು. ಕನ್ನಡದ ಮೊದಲ ಸಣ್ಣಕಥೆಗಳ ಮಾತು ಬಂದಾಗಲೆಲ್ಲ ಅವುಗಳ ಹೆಸರು ಬರುತ್ತದೆ.

ಮಂಗಳೂರಿನಲ್ಲಿ ಅವರ ಕೈಕೆಳಗೆ ಕಲಿತವರಲ್ಲಿ ಮಂಜೇಶ್ವರದ ಗೋವಿಂದ ಪೈ ಒಬ್ಬರು. ಗೋವಿಂದ ಪೈಯವರ ಮನೆಮಾತೂ ಕೊಂಕಣಿಯೇ. ಮುಂದೆ 1949ರಲ್ಲಿ ಮದರಾಸು ಸರಕಾರ ಅವರಿಗೆ ರಾಷ್ಟ್ರಕವಿ ಎಂಬ ಗೌರವ ಕೊಟ್ಟಿತು. ಮಂಜೇಶ್ವರ ಈಗ ಕೇರಳದಲ್ಲಿದೆ. ಒಬ್ಬ ಮಾಸ್ತರರು ಒಬ್ಬ ಹುಡುಗನಿಗೆ ಹಚ್ಚಿದ ಕನ್ನಡದ ಹುಚ್ಚು ಯಾವ ಗಡಿಗೂ ಕರಗಲಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಪಂಜೆಯವರು ಕಾಲೇಜಿನ ಕೆಲಸದಲ್ಲೇ ಉಳಿಯಲಿಲ್ಲ. ಶಾಲೆಗಳ ಸಬ್ ಅಸಿಸ್ಟೆಂಟ್ ಇನ್ಸ್‌ಪೆಕ್ಟರರಾದರು. ಶಿಕ್ಷಕರ ತರಬೇತಿ ಶಾಲೆಯಲ್ಲೂ ಕೆಲಸ ಮಾಡಿದರು. ಇನ್ಸ್‌ಪೆಕ್ಟರ್ ಎಂದರೆ ಹಳ್ಳಿ ಹಳ್ಳಿ ತಿರುಗಬೇಕು. ಹಾಜರಿ ಪುಸ್ತಕ ನೋಡಬೇಕು, ಮಕ್ಕಳನ್ನು ನಿಲ್ಲಿಸಿ ಪ್ರಶ್ನೆ ಕೇಳಬೇಕು, ಡೈರಿ ಬರೆದು ಮೇಲಿನವರಿಗೆ ಕಳಿಸಬೇಕು. ನೌಕರಿಯ ಕಾಲವೆಲ್ಲ ರಜಿಸ್ಟರು, ಫೈಲುಗಳ ನಡುವೆ ಕಳೆದ ನನಗೆ ಈ ಡೈರಿಯ ಬೆಲೆ ಎಷ್ಟೆಂದು ಚೆನ್ನಾಗಿ ಗೊತ್ತು. ಬಹಳಷ್ಟು ಡೈರಿಗಳನ್ನು ಬರೆದವರೇ ಎರಡನೇ ಸಲ ಓದುವುದಿಲ್ಲ. ಪಂಜೆಯವರು ಈ ನೌಕರಿಯನ್ನೂ ನಗೆಗೆ ಬಳಸಿಕೊಂಡರು. ಹಳೆಯ ಸಬ್ ಅಸಿಸ್ಟೆಂಟನ ಸುಳ್ಳು ಡೈರಿ ಎಂಬುದೇ ಅವರ ಒಂದು ಬರಹದ ಹೆಸರು. ನೌಕರಿ ಮಾಡಿದವರು ಹುಡುಕಿ ಓದಬೇಕು.

ನಗೆ ಒಂದು ಕಡೆ ಇರಲಿ. ಈ ತಿರುಗಾಟದಿಂದ ಅವರಿಗೆ ಆದ ದೊಡ್ಡ ಲಾಭವೆಂದರೆ, ಮಗು ಶಾಲೆಯಲ್ಲಿ ಎಲ್ಲಿ ತಡವರಿಸುತ್ತದೆ ಎಂಬುದನ್ನು ಕಣ್ಣಾರೆ ಕಂಡದ್ದು.

ಆ ಕಾಲದ ತರಗತಿ

ಹಳೆಯ ಐಗಳ ಶಾಲೆಯಲ್ಲಿ ಮಕ್ಕಳು ಮರಳ ಮೇಲೆ ಅಕ್ಷರ ತಿದ್ದುತ್ತಿದ್ದರು, ಮಗ್ಗಿ ಬಾಯಿಪಾಠ ಮಾಡುತ್ತಿದ್ದರು. ಅದಾದ ಮೇಲೆ ಒಮ್ಮೆಲೇ ಜೈಮಿನಿ ಭಾರತದಂಥ ದೊಡ್ಡವರ ಕಾವ್ಯಕ್ಕೆ ಹೋಗುತ್ತಿದ್ದರು. ಅಕ್ಷರಕ್ಕೂ ಕಾವ್ಯಕ್ಕೂ ನಡುವೆ ಮಗು ಹತ್ತಿ ಹೋಗಲು ಮೆಟ್ಟಿಲು ಇರಲಿಲ್ಲ. ಸರಕಾರಿ ಶಾಲೆಗಳು ಬಂದ ಮೇಲೆ ಪುಸ್ತಕಗಳು ಬಂದವು. ಆದರೆ ನೀತಿ ಹೇಳುವುದು ಹೆಚ್ಚು, ಮಗುವಿನ ನಗುವಿಗೆ ಜಾಗ ಕಡಿಮೆ.

ಮಂಗಳೂರಿಗೆ ಒಂದು ಅನುಕೂಲವಿತ್ತು. ಅಲ್ಲಿ ಬಾಸೆಲ್ ಮಿಷನ್ನಿನ ಅಚ್ಚುಕೂಟವಿತ್ತು. 1843ರ ಮಂಗಳೂರ ಸಮಾಚಾರ ಪತ್ರಿಕೆ ಆ ಮಿಷನ್ನಿನವರದೇ. ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಅಲ್ಲಿಂದಲೇ ಹೊರಬಂದಿತ್ತು. ಈ ಮಿಷನ್ನಿನವರು ಶಾಲೆಗಳಿಗಾಗಿ ತಂದ ಕನ್ನಡ ಪದ್ಯಪುಸ್ತಕಗಳ ಕೆಲಸದಲ್ಲಿ ಪಂಜೆಯವರು ಕೈಗೂಡಿಸಿದರು. ಇಲ್ಲಿ ಅವರು ತಾವು ಬರೆದದ್ದನ್ನು ಮಾತ್ರ ತುಂಬಿಸಲಿಲ್ಲ. ಜೊತೆಯ ಕವಿಗಳ ಪದ್ಯಗಳನ್ನೂ ಸೇರಿಸಿದರು. ತಮ್ಮ ಪದ್ಯಗಳಿಗೆ ಕವಿಶಿಷ್ಯ ಎಂಬ ಹೆಸರು ಇಟ್ಟುಕೊಂಡರು. ಹಾಡು ಮನೆ ಮನೆಗೆ ಹೋದರೂ ಹಾಡಿದವನ ಹೆಸರು ಹಿಂದೆಯೇ ಉಳಿಯಲು ಇದೂ ಒಂದು ಕಾರಣವಿರಬೇಕು.

ಇಂಥವರು ಸಾಮಾನ್ಯ ಪಂಡಿತರಲ್ಲ ಎಂಬುದನ್ನು ಮರೆಯಬಾರದು. ಕೇಶಿರಾಜನ ಶಬ್ದಮಣಿದರ್ಪಣ ನಮ್ಮ ಹಳಗನ್ನಡ ವ್ಯಾಕರಣದ ದೊಡ್ಡ ಗ್ರಂಥ. ಬಾಸೆಲ್ ಮಿಷನ್ನಿನ ಅದರ ಆವೃತ್ತಿಯನ್ನು ಪರಿಷ್ಕರಿಸಿದವರೂ ಇವರೇ. ಅಷ್ಟು ವ್ಯಾಕರಣ ಬಲ್ಲವರು ಒಂದನೆಯ ಇಯತ್ತೆಯ ಮಗುವಿಗಾಗಿ ಕುಳಿತು, ಒಂದೂ ಕಠಿಣ ಪದ ಬಾರದಂತೆ ಬರೆದರು. ಇಷ್ಟು ಬಲ್ಲವರು ಅಷ್ಟು ಸರಳವಾಗಿ ಬರೆಯುವುದು ಎಲ್ಲರಿಗೂ ಆಗುವ ಕೆಲಸವಲ್ಲ.

ಹಾಡಿನೊಳಗಿನ ಪಾಠ

ಪಂಜೆಯವರ ಮಕ್ಕಳ ಪದ್ಯಗಳನ್ನು ಕಲಿಸುವ ಸಾಮಾನು ಎಂದು ನೋಡಿದರೆ ಅವುಗಳ ಒಳಗಿನ ಕಸುಬು ಕಾಣುತ್ತದೆ.

ಹಾವಿನ ಹಾಡಿನಲ್ಲಿ ಮಗು ಹಾವನ್ನು ಹೊಡೆಯಲು ಹೋಗುವುದಿಲ್ಲ, ಹೆದರಿ ಓಡುವುದೂ ಇಲ್ಲ. ನಿಂತು ಅದರ ಜೊತೆ ಮಾತಾಡುತ್ತದೆ. ಹಾಡುವ ಮಗುವಿಗೆ ಕೈ ಮುಗಿಯುವ, ಹೆಡೆಯಾಡಿಸುವ ಅಭಿನಯ ತಾನಾಗಿಯೇ ಬರುತ್ತದೆ. ಮಾಸ್ತರರು ಕೋಲು ಹಿಡಿಯಬೇಕಾಗಿಲ್ಲ. ಉದಯರಾಗದಲ್ಲಿ ಬೆಳಗು ಆಗುವ ಕ್ರಮವೇ ಪಾಠ. ತೆಂಕಣ ಗಾಳಿಯಾಟದಲ್ಲಿ ಕಡಲ ಕರೆಯ ಗಾಳಿಯ ಸದ್ದುಗಳೇ ಪದಗಳಾಗಿವೆ. ಆ ಸದ್ದನ್ನು ಬಾಯಲ್ಲಿ ಮಾಡುತ್ತ ಮಾಡುತ್ತ ಮಗುವಿನ ನಾಲಿಗೆ ತಿರುಗುತ್ತದೆ. ಉಚ್ಚಾರದ ಪಾಠ ಬೇರೆ ಬೇಕಾಗುವುದಿಲ್ಲ.

ಇಲ್ಲಿ ನಮ್ಮ ಊರುಗಳಿಗೆ ತಾಗುವ ಒಂದು ವಿಷಯ ಹೇಳುತ್ತೇನೆ. ನಮ್ಮ ಮಕ್ಕಳು ಬಹುತೇಕ ಮೊದಲು ಕಲಿಯುವುದು ದೇವನಾಗರಿ ಲಿಪಿ. ಅದರಲ್ಲಿ ಮರಾಠಿ ಬರೆಯುವಾಗ ಎ ಮತ್ತು ಏ, ಒ ಮತ್ತು ಓ ಎಂದು ಗಿಡ್ಡ, ಉದ್ದ ಬೇರೆ ಬೇರೆ ಅಕ್ಷರಗಳಿಲ್ಲ. ಕನ್ನಡದಲ್ಲಿ ಆ ವ್ಯತ್ಯಾಸದಿಂದ ಅರ್ಥವೇ ಬದಲಾಗುತ್ತದೆ. ಒಲೆ ಅಡಿಗೆ ಮನೆಯಲ್ಲಿದೆ, ಓಲೆ ಕಿವಿಯಲ್ಲಿದೆ. ಕೊಡು ಎಂದರೆ ಕೊಡುವುದು, ಕೋಡು ಎಂದರೆ ಎತ್ತಿನ ತಲೆಯ ಮೇಲಿನದು. ಮನೆಯಲ್ಲಿ ಮಾತಾಡುವಾಗ ಮಗು ಇದನ್ನು ಸರಿಯಾಗಿಯೇ ಆಡುತ್ತದೆ. ಬರೆಯಲು ಕುಳಿತಾಗ ತಪ್ಪುತ್ತದೆ. ಇದನ್ನು ಸೂತ್ರ ಹೇಳಿ ಕಲಿಸಿದರೆ ಮಗುವಿಗೆ ಬೇಸರ. ತಾಳಕ್ಕೆ ಕಟ್ಟಿದ ಪದ್ಯ ಹಾಡಿಸಿದರೆ, ಗಿಡ್ಡ ಇರುವಲ್ಲಿ ಎಳೆದರೂ ಉದ್ದ ಇರುವಲ್ಲಿ ಮೊಟಕು ಮಾಡಿದರೂ ತಾಳ ತಪ್ಪುತ್ತದೆ, ಮಗುವಿಗೇ ಗೊತ್ತಾಗುತ್ತದೆ. ತುಳು, ಕೊಂಕಣಿ, ಮಲಯಾಳ ಮನೆಗಳಿಂದ ಬಂದ ಮಕ್ಕಳ ನಡುವೆ ಕೆಲಸ ಮಾಡಿದ ಪಂಜೆಯವರ ಪದ್ಯಗಳಲ್ಲಿ ಈ ಗುಣ ತುಂಬಿಕೊಂಡಿದೆ. ಕಿವಿ ಮೊದಲು ಕಲಿಯುತ್ತದೆ, ಕಣ್ಣು ಆಮೇಲೆ.

ಕಥೆಗಳ ಸಂಗತಿಯೂ ಹೀಗೆಯೇ. ಮೂರು ಕರಡಿಗಳು ಹೊರದೇಶದ ಕಥೆ. ಪಂಜೆಯವರ ಕೈಯಲ್ಲಿ ಕನ್ನಡದ ಮಗುವಿನದಾಯಿತು. ಇಲಿಗಳ ಥಕಥೈ, ಒಡ್ಡನ ಓಟ, ಗುಡುಗುಡು ಗುಮ್ಮಟ ದೇವರು, ಹೆಸರು ಕೇಳಿದರೇ ಮಕ್ಕಳು ಹತ್ತಿರ ಸರಿದು ಕೂಡುತ್ತಾರೆ. ಸಿಗಡಿ ಯಾಕೆ ಒಣಗಲಿಲ್ಲ ಎಂಬುದು ಯಾಕೆ, ಯಾಕೆ ಎಂದು ಸರಪಳಿಯಂತೆ ಮುಂದೆ ಹೋಗುವ ಕಥೆ. ಒಂದೇ ವಾಕ್ಯದ ಕಟ್ಟು ಮತ್ತೆ ಮತ್ತೆ ಬರುತ್ತದೆ, ಒಂದೊಂದು ಸಲ ಒಂದೊಂದು ಹೊಸ ಪದ ಸೇರುತ್ತದೆ. ಮಗು ಪ್ರಶ್ನೆ ಕೇಳುವುದನ್ನೂ ಉತ್ತರ ಹೇಳುವುದನ್ನೂ ಕಲಿಯುತ್ತದೆ, ಆದರೆ ಕಲಿಯುತ್ತಿದ್ದೇನೆಂದು ಅದಕ್ಕೆ ಅನ್ನಿಸುವುದಿಲ್ಲ.

ತುಳುನಾಡಿನ ಪಾಡ್ದನಗಳಲ್ಲಿ ಕೋಟಿ ಚೆನ್ನಯರೆಂಬ ಅವಳಿ ವೀರರ ಕಥೆಯಿದೆ. ಹೊಲದಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳ ಬಾಯಲ್ಲಿ ಉಳಿದು ಬಂದ ಕಥೆ. ಅದನ್ನು ಪಂಜೆಯವರು ಕನ್ನಡ ಗದ್ಯಕ್ಕೆ ತಂದು ಕೋಟಿ ಚೆನ್ನಯ ಎಂಬ ಪುಸ್ತಕ ಮಾಡಿದರು. ಮನೆಯಲ್ಲಿ ಅಜ್ಜಿ ತುಳುವಿನಲ್ಲಿ ಹಾಡಿದ ಕಥೆಯೇ ಶಾಲೆಯಲ್ಲಿ ಕನ್ನಡ ಪುಸ್ತಕವಾಗಿ ಎದುರು ಬಂದರೆ ಆ ಮಗುವಿಗೆ ಕನ್ನಡ ಪರಕೀಯ ಅನ್ನಿಸೀತೇ? ಮನೆಮಾತನ್ನು ತಳ್ಳಿ ಕನ್ನಡ ಕಲಿಸುವ ದಾರಿ ಅವರದಲ್ಲ. ಮನೆಮಾತಿನ ಹೆಗಲ ಮೇಲೆ ಕೂಡಿಸಿ ಕಲಿಸುವ ದಾರಿ.

ಕೊಡಗಿನ ದಿನಗಳು

ನೌಕರಿ ಅವರನ್ನು ಮಡಿಕೇರಿಗೂ ಕರೆದೊಯ್ದಿತು. ಅಲ್ಲಿಯ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. ಕೊಡಗು ಆಗ ಬ್ರಿಟಿಷರ ಕೈಕೆಳಗಿನ ಬೇರೆಯೇ ಒಂದು ಸಣ್ಣ ಪ್ರಾಂತ್ಯ. ಜನರ ಮನೆಮಾತು ಕೊಡವ, ಶಾಲೆಯ ಮಾತು ಕನ್ನಡ. ಕರಾವಳಿಯಿಂದ ಬೆಟ್ಟ ಹತ್ತಿ ಹೋದ ಮಾಸ್ತರರು ತಮ್ಮ ಕಡಲ, ತೆಂಗಿನ ಹಾಡುಗಳನ್ನೇ ಅಲ್ಲಿಯೂ ಹೇರಬಹುದಿತ್ತು. ಹಾಗೆ ಮಾಡಲಿಲ್ಲ. ಕೊಡವರ ಸುಗ್ಗಿಯ ಹಬ್ಬ ಹುತ್ತರಿ. ಗದ್ದೆಯಿಂದ ಹೊಸ ಕದಿರು ಮನೆಗೆ ತರುವ ಹಬ್ಬ. ಆ ನಾಡನ್ನೂ ಆ ಹಬ್ಬವನ್ನೂ ಕೊಂಡಾಡಿ ಹುತ್ತರಿ ಹಾಡು ಬರೆದರು. ಇಂದಿಗೂ ಕೊಡಗಿನವರು ಅದನ್ನು ತಮ್ಮ ನಾಡಹಾಡಿನಂತೆ ಕಾಣುತ್ತಾರೆ. ಹೊರಗಿನಿಂದ ಬಂದವರು ಬರೆದದ್ದು ಎಂದು ಯಾರೂ ದೂರ ಇಡಲಿಲ್ಲ.

ನಮ್ಮಲ್ಲಿ ಇದಕ್ಕೆ ಸಮನಾದದ್ದು ಎಳ್ಳಮಾವಾಸ್ಯೆ. ಮರಾಠಿಯವರು ಯೇಳವಸ ಅನ್ನುತ್ತಾರೆ. ಲಾತೂರ, ಧಾರಾಶಿವ (ಹಿಂದಿನ ಉಸ್ಮಾನಾಬಾದ), ಬೀದರ ಮೂರೂ ಕಡೆ ಆ ದಿನ ಊರುಗಳು ಖಾಲಿ, ಹೊಲಗಳು ತುಂಬಿರುತ್ತವೆ. ಜೋಳದ ದಂಟಿನ ಕೊಂಪೆ ಕಟ್ಟಿ, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಭಜ್ಜಿ, ಅಂಬಲಿ ಉಣ್ಣುವ ಹಬ್ಬ. ಕನ್ನಡದವರಿಗೂ ಮರಾಠಿಯವರಿಗೂ ಅದು ಒಂದೇ. ಈ ಹಬ್ಬದ ಮೇಲೆ ನಮ್ಮ ಮಕ್ಕಳು ಓದುವಂಥ ಒಂದು ಪುಟದ ಕನ್ನಡ ಪಾಠ ನಮ್ಮಲ್ಲಿ ಎಷ್ಟು ಮನೆಗಳಲ್ಲಿದೆ? ಪಂಜೆಯವರಂಥ ಮಾಸ್ತರರು ಉದಗೀರಕ್ಕೆ ವರ್ಗವಾಗಿ ಬಂದಿದ್ದರೆ ಮೊದಲ ವರ್ಷವೇ ಅದನ್ನು ಬರೆದಿರುತ್ತಿದ್ದರು.

ಬಾಲ ಸಾಹಿತ್ಯ ಮಂಡಲ

ಒಬ್ಬರೇ ಕುಳಿತು ಬರೆದರೆ ಎಷ್ಟು ಬರೆದಾರು? ಮಂಗಳೂರಿನಲ್ಲಿ ಪಂಜೆಯವರು ಗೆಳೆಯರನ್ನು ಕೂಡಿಸಿ ಬಾಲ ಸಾಹಿತ್ಯ ಮಂಡಲ ಎಂಬ ಸಂಸ್ಥೆ ಕಟ್ಟಿದರು. ಮಕ್ಕಳಿಗಾಗಿಯೇ ಸಣ್ಣ ಸಣ್ಣ ಪುಸ್ತಕಗಳನ್ನು ತರುವುದು ಅದರ ಕೆಲಸ. ಮಕ್ಕಳ ಪುಸ್ತಕ ಎಂಬುದೇ ಒಂದು ಬೇರೆ ಕಸುಬು, ಅದಕ್ಕೆ ಬೇರೆ ಗಮನ ಬೇಕು ಎಂದು ಕನ್ನಡದಲ್ಲಿ ಹೀಗೆ ಸಂಘಟಿತರಾಗಿ ದುಡಿದ ಮೊದಲಿಗರಲ್ಲಿ ಇವರು ಸೇರುತ್ತಾರೆ.

ಸುಮಾರು ಅದೇ ಕಾಲದಲ್ಲಿ ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಬಾಲಮಂದಿರ ತೆರೆದಿದ್ದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕರು ಮುಂದೆ 1945ರಲ್ಲಿ ನಮ್ಮ ಮಹಾರಾಷ್ಟ್ರದ ಬೋರ್ಡಿಯಲ್ಲಿ ಬಡ ಮಕ್ಕಳಿಗಾಗಿ ಬಾಲವಾಡಿ ಮಾಡಿದರು. ದುಬಾರಿ ಆಟಿಕೆಗಳ ಬದಲು ಎಲೆ, ಬೀಜ, ಚಿಪ್ಪುಗಳಂಥ ಸುತ್ತಮುತ್ತ ಸಿಗುವ ವಸ್ತುಗಳಿಂದಲೇ ಕಲಿಸಿದರು. ಗುಜರಾತಿ, ಮರಾಠಿ, ಕನ್ನಡ, ಮೂರೂ ಕಡೆ ಒಳ್ಳೆಯ ಮಾಸ್ತರರಿಗೆ ಹೊಳೆದದ್ದು ಒಂದೇ: ಮಗುವಿನ ಅಂಗಳದಲ್ಲಿ ಇರುವುದರಿಂದ ಪಾಠ ಮಾಡಬೇಕು, ಮಾಡಿದ್ದನ್ನು ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಬಾರದು.

ನಿಜಾಮರ ಸೀಮೆಯ ಕನ್ನಡಿಗರ ನಡುವೆ

1934ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ರಾಯಚೂರಿನಲ್ಲಿ ನಡೆಯಿತು. ಅಧ್ಯಕ್ಷರು ಪಂಜೆ ಮಂಗೇಶರಾಯರು. ಅವರಿಗೆ ಆಗ ಅರುವತ್ತು ವರ್ಷ. ರಾಯಚೂರು ಆಗ ಹೈದರಾಬಾದು ರಾಜ್ಯದಲ್ಲಿತ್ತು, ಅಂದರೆ ನಮ್ಮ ಹಿರಿಯರಿದ್ದ ಅದೇ ರಾಜ್ಯದಲ್ಲಿ. ಉರ್ದು ಆಡಳಿತ ಭಾಷೆ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲಿ. ಗುಲಬರ್ಗಾದ ನೂತನ ವಿದ್ಯಾಲಯದಂಥ ಕೆಲವು ಸಂಸ್ಥೆಗಳು ಜನರ ದುಡ್ಡಿನಿಂದ ನಡೆಯುತ್ತಿದ್ದವು. ಅಂಥ ಸೀಮೆಯಲ್ಲಿ ಕನ್ನಡಿಗರು ನೆರೆದು ಹಬ್ಬ ಮಾಡಿದಾಗ ಅಧ್ಯಕ್ಷ ಪೀಠದಲ್ಲಿ ಕೂತವರು ಮನೆಯಲ್ಲಿ ಕೊಂಕಣಿ ಆಡುವ, ಮಕ್ಕಳಿಗೆ ಹಾಡು ಬರೆಯುವ ಒಬ್ಬ ನಿವೃತ್ತ ಮಾಸ್ತರರು. ಅಂದಿನ ಕನ್ನಡಿಗರು ಮಕ್ಕಳ ಪಾಠಕ್ಕೆ ಎಷ್ಟು ಎತ್ತರದ ಜಾಗ ಕೊಟ್ಟಿದ್ದರು ಎಂಬುದನ್ನು ಇದರಿಂದ ತಿಳಿಯಬಹುದು.

ಮೂರು ವರ್ಷದ ಮೇಲೆ, 1937ರ ಅಕ್ಟೋಬರಿನಲ್ಲಿ, ಅವರು ತೀರಿಕೊಂಡರು. ಕೊನೆಯುಸಿರು ಬಿಟ್ಟದ್ದು ಬಂಟವಾಳದಲ್ಲಲ್ಲ, ಮಂಗಳೂರಿನಲ್ಲಲ್ಲ, ಹೈದರಾಬಾದಿನಲ್ಲಿ. ಅರುವತ್ತಮೂರು ವರ್ಷದ ಬದುಕು. ನೇತ್ರಾವತಿಯ ದಂಡೆಯಲ್ಲಿ ಹುಟ್ಟಿದವರು ನಮ್ಮ ಹಿರಿಯರ ರಾಜಧಾನಿಯಲ್ಲಿ ಮಣ್ಣಾದರು.

ನಮಗೆ ಉಳಿದ ಕೆಲಸ

ಬಂಧುಗಳೇ, ಇಲ್ಲಿಗೆ ನಿಲ್ಲಿಸಿದರೆ ಇದು ಬರೀ ಗುಣಗಾನವಾದೀತು. ನಮ್ಮ ಸ್ಥಿತಿ ತಮಗೆ ತಿಳಿದದ್ದೇ. ನಮ್ಮ ಅನೇಕ ಮನೆಗಳಲ್ಲಿ ಅಜ್ಜ ಅಜ್ಜಿ ಕನ್ನಡ ಓದಿ ಬರೆಯುತ್ತಾರೆ, ಮಗ ಸೊಸೆ ಮಾತಾಡುತ್ತಾರೆ, ಮೊಮ್ಮಕ್ಕಳು ಕೇಳಿ ತಿಳಿಯುತ್ತಾರೆ, ಉತ್ತರ ಮಾತ್ರ ಮರಾಠಿಯಲ್ಲಿ ಕೊಡುತ್ತಾರೆ. ಮೂರು ತಲೆಮಾರಿನಲ್ಲಿ ಮೂರು ಮೆಟ್ಟಿಲು ಇಳಿದಿದ್ದೇವೆ. ಮರಾಠಿ ನಮ್ಮ ಅನ್ನದ ಭಾಷೆ, ನೆರೆಯವರ ಭಾಷೆ. ಅದನ್ನು ಮಕ್ಕಳು ಚೆನ್ನಾಗಿ ಕಲಿಯಲಿ. ಅದರ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಕನ್ನಡದ ಅಕ್ಷರ ಮನೆಯಿಂದ ಹೋದರೆ, ಅಜ್ಜಿ ಓದುತ್ತಿದ್ದ ವಚನದ ಪುಸ್ತಕ ಮೊಮ್ಮಗನಿಗೆ ಬರೀ ಚಿತ್ತಾರವಾಗುತ್ತದೆ.

ರಾಜ್ಯದ ಪಠ್ಯಪುಸ್ತಕ ಮಂಡಳಿಯಾದ ಪುಣೆಯ ಬಾಲಭಾರತಿ 1967ರಲ್ಲಿ ಶುರುವಾಯಿತು. ಅದು ಕನ್ನಡ ಮಾಧ್ಯಮದ ಪುಸ್ತಕಗಳನ್ನೂ ಅಚ್ಚು ಹಾಕುತ್ತದೆ. ಇದು ಸಂತೋಷದ ಸಂಗತಿ. ಆದರೆ ಅದು ಇಡೀ ರಾಜ್ಯದ ಮಕ್ಕಳಿಗೆ. ಕನ್ನಡ ಶಾಲೆಗೆ ಹೋಗದೆ, ಮನೆಯಲ್ಲಿ ಮಾತ್ರ ಕನ್ನಡ ಕೇಳುವ ನಮ್ಮ ಮಗುವಿಗೆ ಬೇಕಾದ ಮೊದಲ ಮೆಟ್ಟಿಲನ್ನು ನಾವೇ ಕಟ್ಟಬೇಕು. ಪಂಜೆಯವರ ಬದುಕು ತೋರಿಸುವ ದಾರಿ ಇದೇ.

ಅದಕ್ಕೆ ದೊಡ್ಡ ಖರ್ಚು ಬೇಡ. ಹಳೆಯ ಲಗ್ನಪತ್ರಿಕೆಗಳ ಬಿಳಿ ಬೆನ್ನಿನ ಮೇಲೆ ಜೋಡಿ ಪದಗಳನ್ನು ಬರೆಯಬಹುದು: ಒಲೆ, ಓಲೆ, ಕೊಡು, ಕೋಡು, ತೆರು, ತೇರು. ಒಂದು ಬದಿ ಪದ, ಇನ್ನೊಂದು ಬದಿ ಚಿತ್ರ. ಮರಾಠಿ ಮತ್ತು ಕನ್ನಡ ಎರಡರಲ್ಲೂ ಇರುವ ಪದಗಳ ಒಂದು ತಖ್ತೆ ಮಾಡಬಹುದು. ನಮ್ಮ ತುಪ್ಪ ಅವರ ತೂಪ, ನಮ್ಮ ಅಡಕೊತ್ತು ಅವರ ಅಡಕಿತ್ತಾ, ಅಕ್ಕ ಅಣ್ಣ ಎರಡು ಕಡೆಯೂ ಅಕ್ಕ ಅಣ್ಣ. ಮಗು ತನಗೆ ಆಗಲೇ ಅರ್ಧ ಗೊತ್ತಿದೆ ಎಂದು ಧೈರ್ಯಗೊಳ್ಳುತ್ತದೆ. ಸಿಗಡಿ ನಮ್ಮ ಮಕ್ಕಳು ಕಂಡದ್ದಲ್ಲ. ಆದರೆ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಒಣಗುವ ಸಂಡಿಗೆ ಎಲ್ಲರೂ ಕಂಡದ್ದು. ಸಂಡಿಗೆ ಯಾಕೆ ಒಣಗಲಿಲ್ಲ ಎಂದು ಶುರು ಮಾಡಿ, ಮೋಡ, ಗಾಳಿ, ಗುಬ್ಬಿ, ಕಾವಲು ಕೂತು ತೂಕಡಿಸಿದ ಮೊಮ್ಮಗ ಎಂದು ಸರಪಳಿ ಕಟ್ಟಿದರೆ ನಮ್ಮದೇ ಕಥೆಯಾಗುತ್ತದೆ. ನಿಲಂಗೆಯ ನೀಲಕಂಠೇಶ್ವರ ಗುಡಿ, ಉದಗೀರದ ಕೋಟೆ, ತೊಗರಿ ಹೊಲ, ಜೋಳದ ರೊಟ್ಟಿ, ಪುಂಡಿಪಲ್ಯ, ಒಂದೊಂದೂ ಒಂದೊಂದು ಪುಟದ ಪಾಠ.

ನಮ್ಮಲ್ಲಿ ನಿವೃತ್ತ ಮಾಸ್ತರರಿದ್ದಾರೆ, ಬಾಯಿಯವರಿದ್ದಾರೆ. ಪ್ರತಿಯೊಬ್ಬರ ಟ್ರಂಕಿನಲ್ಲಿ ಹಳೆಯ ತಖ್ತೆ, ಹಾಡಿನ ವಹಿ, ಕಥೆಯ ಟಿಪ್ಪಣಿ ಇದ್ದೇ ಇರುತ್ತವೆ. ಅವು ಟ್ರಂಕಿನಲ್ಲಿ ಉಳಿದರೆ ಹುಳು ತಿನ್ನುತ್ತವೆ. ಆದ್ದರಿಂದ ಸಂಘದ ವಿನಂತಿ ಇಷ್ಟೇ. ಮನೆಗೊಂದು ಪಾಠ. ಒಂದೇ ಹಾಳೆ ಸಾಕು. ದೊಡ್ಡ ಅಕ್ಷರ, ಹತ್ತು ಹನ್ನೆರಡು ಸಣ್ಣ ವಾಕ್ಯ, ಒಂದು ಚಿತ್ರ. ಮೊಬೈಲಿನಲ್ಲಿ ಫೋಟೋ ತೆಗೆದು ಸಂಘದ ವಾಟ್ಸಪ್ ಗುಂಪಿಗೆ ಹಾಕಿರಿ. ಬರೆಯಲು ಬಾರದ ಅಜ್ಜಿಯಂದಿರು ಹಾಡಿ ರೆಕಾರ್ಡ್ ಮಾಡಿಸಿ ಕಳಿಸಲಿ, ಬರೆದುಕೊಳ್ಳುವ ಕೆಲಸ ನನ್ನದು. ನೌಕರಿಯೆಲ್ಲ ಅದನ್ನೇ ಮಾಡಿದ್ದೇನೆ. ಬೇಕಾದವರು ಹೆಸರು ಹಾಕಲಿ, ಬೇಡವಾದವರು ಬಿಡಲಿ. ಒಂದು ಕರಾರು ಮಾತ್ರ ಇದೆ: ಕಳಿಸಿದ ಪಾಠವನ್ನು ಯಾವ ಊರಿನ ಯಾವ ತಾಯಿಯಾದರೂ, ಯಾವ ಮಾಸ್ತರರಾದರೂ ಕೇಳದೆಯೇ ಬಳಸಬಹುದು, ತಮ್ಮ ಊರಿಗೆ ತಕ್ಕಂತೆ ತಿದ್ದಿಕೊಳ್ಳಬಹುದು.

ಫೆಬ್ರುವರಿ 21 ಜಗತ್ತಿನ ಮಾತೃಭಾಷಾ ದಿನ. ಫೆಬ್ರುವರಿ 27ರಂದು ನಮ್ಮ ಮಕ್ಕಳ ಶಾಲೆಗಳಲ್ಲಿ ಮರಾಠಿ ಭಾಷಾ ಗೌರವ ದಿನ ನಡೆಯುತ್ತದೆ, ಮಕ್ಕಳು ಕವಿತೆ ಹೇಳುತ್ತಾರೆ, ನಾವೂ ಹೋಗಿ ಕೇಳುತ್ತೇವೆ. ಇವೆರಡರ ನಡುವೆ, ಫೆಬ್ರುವರಿ 22ರಂದು, ಪಂಜೆಯವರ ಹುಟ್ಟಿದ ದಿನ ಬರುತ್ತದೆ. ಆ ದಿನದೊಳಗೆ ಬಂದ ಹಾಳೆಗಳನ್ನೆಲ್ಲ ಇಯತ್ತೆವಾರು ವಿಂಗಡಿಸಿ, ಇದೇ ಪುಟದಲ್ಲಿ ಎಲ್ಲರಿಗೂ ಸಿಗುವಂತೆ ಇಡಲಾಗುವುದು. ಜೆರಾಕ್ಸ್ ಮಾಡಿಸಿ ಹೊಲಿದ ಪ್ರತಿಗಳನ್ನು ಮೊಬೈಲ್ ಇಲ್ಲದ ಮನೆಗಳಿಗೆ ತಲುಪಿಸುವ ಹೊಣೆಯನ್ನು ಆಯಾ ಊರಿನ ಸದಸ್ಯರು ಹೊರಬೇಕಾಗಿ ವಿನಂತಿ.

ಎಳ್ಳಮಾವಾಸ್ಯೆಯ ಪಾಠ ಯಾರು ಬರೆಯುತ್ತೀರಿ ಎಂದು ಮೊದಲೇ ತಿಳಿಸಿದರೆ, ಇಬ್ಬರು ಒಂದನ್ನೇ ಬರೆಯುವುದು ತಪ್ಪುತ್ತದೆ.

ತಮ್ಮ ವಿಶ್ವಾಸಿ,
ಸಂಘದ ಕಾರ್ಯದರ್ಶಿ